ಫೈಲ್ ಪಟ್ಟಿಗೆ ಎಷ್ಟು ಬಣ್ಣ ಬೇಕು?

ಥಾಣೆಯಿಂದ ವಾಶಿ ಕಡೆಗೆ ಟ್ರಾನ್ಸ್ ಹಾರ್ಬರ್ ಲೋಕಲ್ ಓಡತೊಡಗಿದ್ದು 2004ರಲ್ಲಿ. ಕಲ್ಯಾಣ್, ಡೊಂಬಿವಲಿಗಳಲ್ಲಿ ಮನೆ ಮಾಡಿಕೊಂಡವರಿಗೆ ಐರೋಲಿ, ರಬಾಲೆ, ಘನ್ಸೋಲಿ, ಕೋಪರ್‌ಖೈರಣೆಗಳ ಕಚೇರಿಗಳು ದಿನಾ ಹೋಗಿಬರುವಷ್ಟು ಹತ್ತಿರವಾದದ್ದು ಆಮೇಲೆ. ಒಂದು ಕಾಲಕ್ಕೆ ಕಾರ್ಖಾನೆಗಳಿಗೆ ಹೆಸರಾಗಿದ್ದ ಥಾಣೆ–ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿ ಈಗ ಸಾಫ್ಟ್‌ವೇರ್ ಪಾರ್ಕುಗಳೂ ಡೇಟಾ ಸೆಂಟರ್‌ಗಳೂ ಎದ್ದಿವೆ. ಆಚೆ ಪನ್ವೇಲ್‌ನಲ್ಲಿ ಯೊಟ್ಟಾ ಸಂಸ್ಥೆಯ ಡೇಟಾ ಸೆಂಟರ್ 2020ರಲ್ಲಿ ಶುರುವಾಯಿತು. ಅಲ್ಲಿ ಸಾಲಾಗಿ ನಿಂತಿರುವ ಸರ್ವರ್‌ಗಳಿಗೆ ಪರದೆಯಿಲ್ಲ, ಮೌಸ್ ಇಲ್ಲ. ಪಾಳಿಯಲ್ಲಿ ಕೂತವರು ಅವುಗಳನ್ನು ನೋಡುವುದು ಟರ್ಮಿನಲ್ ಎಂಬ ಕಿಟಕಿಯ ಮೂಲಕ. ಆ ಕಿಟಕಿಯಲ್ಲಿ ಮತ್ತೆ ಮತ್ತೆ ಒತ್ತುವ ಕಮಾಂಡ್ ಎಂದರೆ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್. ಪಟ್ಟಿ ಬರುವಾಗ ನೀಲಿ, ಹಸಿರು, ಕೆಂಪು, ನೇರಳೆ ಎಲ್ಲ ಒಟ್ಟಿಗೆ ಬರುತ್ತವೆ. ಇವು ಯಾರು ಹಾಕಿದ ಬಣ್ಣ, ಯಾಕೆ ಹಾಕಿದ್ದು ಎಂದು ಕೇಳುವವರು ಕಡಿಮೆ. ಈ ಬಣ್ಣಗಳನ್ನು ಬದಲಿಸಿಕೊಳ್ಳುವುದು ಹೇಗೆ ಎಂದು ಹೇಳುವುದು ಈ ಲೇಖನದ ಕೆಲಸ. ಬದಲಿಸುವಾಗ ಹಿಡಿಯಬೇಕಾದ ಸೂತ್ರ ಒಂದೇ: ನೋಡಿದವನ ಕೈ ಎಲ್ಲಿ ಒಂದು ಕ್ಷಣ ತಡೆಯಬೇಕೋ ಅಲ್ಲಿ ಮಾತ್ರ ಬಣ್ಣ ಇರಲಿ, ಮಿಕ್ಕದ್ದು ಸಾದಾ ಇರಲಿ. ಹೊಸ ಬಣ್ಣ ಸೇರಿಸುವುದಕ್ಕಿಂತ ಇರುವುದನ್ನು ಕಳೆಯುವುದೇ ಇಲ್ಲಿ ದೊಡ್ಡ ಕೆಲಸ.

ಬಣ್ಣ ಬರುವುದು ಎಲ್ಲಿಂದ

ಎಲ್‌ಎಸ್ ಕಮಾಂಡ್ ಯುನಿಕ್ಸ್‌ನ ಮೊದಲ ವರ್ಷಗಳಿಂದಲೂ ಇದೆ. ಬಣ್ಣ ಬಂದದ್ದು ಬಹಳ ತಡವಾಗಿ. 1978ರಲ್ಲಿ ಬಂದು ಮನೆಮಾತಾದ ವಿಟಿ100 ಟರ್ಮಿನಲ್‌ಗೆ ಬಣ್ಣವೇ ಇರಲಿಲ್ಲ. ದಪ್ಪಕ್ಷರ, ಅಡಿಗೆರೆ, ಮಿನುಗು, ಅಕ್ಷರ–ಹಿನ್ನೆಲೆ ಅದಲುಬದಲಾಗುವ ತಿರುಗುಮುರುಗು ಇಷ್ಟರಲ್ಲೇ ಅದು ಎಲ್ಲವನ್ನೂ ಹೇಳಬೇಕಿತ್ತು. ಅದೇ ಹೊತ್ತಿನಲ್ಲಿ ಇಸಿಎಂಎ-48 ಎಂಬ ಮಾನಕ ಅಕ್ಷರಗಳ ರೂಪ ಬದಲಿಸಲು ಸಂಖ್ಯೆಗಳನ್ನು ಗೊತ್ತುಮಾಡಿತು. 1 ದಪ್ಪಕ್ಷರಕ್ಕೆ, 4 ಅಡಿಗೆರೆಗೆ, 7 ತಿರುಗುಮುರುಗಿಗೆ. 30ರಿಂದ 37 ಅಕ್ಷರದ ಬಣ್ಣಕ್ಕೆ, 40ರಿಂದ 47 ಹಿನ್ನೆಲೆಗೆ. ಮುಂದೆ ಲಿನಕ್ಸ್ ಹರಡಿದ ಕಾಲದಲ್ಲಿ ಗ್ರೆಗ್ ಲೀ ಬರೆದಿದ್ದ ತೇಪೆಗಳನ್ನು ಆಧಾರವಾಗಿಟ್ಟುಕೊಂಡು ಪೀಟರ್ ಆನ್ವಿನ್ ಮತ್ತು ಡೆನಿಸ್ ಫ್ಲಾಹರ್ಟಿ ಗ್ನೂ ಎಲ್‌ಎಸ್‌ಗೆ ಬಣ್ಣ ಜೋಡಿಸಿದರು. ಬಣ್ಣಗಳ ಪಟ್ಟಿಯನ್ನು ಓದಿಕೊಡುವ ಡಿರ್‌ಕಲರ್ಸ್ ಎಂಬ ಜೊತೆಗಾರ ಕಮಾಂಡ್ ಆನ್ವಿನ್ ಅವರದು. ಇಂದಿಗೂ ವ್ಯವಸ್ಥೆ ಅದೇ. ಎಲ್‌ಎಸ್_ಕಲರ್ಸ್ ಎಂಬ ಹೆಸರಿನಲ್ಲಿ ಒಂದು ಉದ್ದನೆಯ ಸಾಲು ನಿಮ್ಮ ಸೆಷನ್‌ನಲ್ಲಿ ಕೂತಿರುತ್ತದೆ. ಡೈರೆಕ್ಟರಿಗೆ 01;34, ಲಿಂಕಿಗೆ 01;36, ಚಲಾಯಿಸಬಹುದಾದ ಫೈಲಿಗೆ 01;32, ಜಿಪ್ ಮುಂತಾದ ಗಂಟುಗಳಿಗೆ 01;31, ಚಿತ್ರ ಮತ್ತು ವಿಡಿಯೊಗಳಿಗೆ 01;35 ಎಂದು ಅದು ಬರೆದುಕೊಂಡಿರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇದು ತಿಳಿಯದೆ ಬಣ್ಣ ಬದಲಿಸಹೊರಟವರು ತಪ್ಪು ಜಾಗದಲ್ಲಿ ಕೈಹಾಕುತ್ತಾರೆ. ಸರ್ವರ್ ಕಳಿಸುವುದು ಬಣ್ಣವನ್ನಲ್ಲ, ಬಣ್ಣದ ಸಂಖ್ಯೆಯನ್ನು. 34 ಎಂದು ಸರ್ವರ್ ಹೇಳುತ್ತದೆ, ಆ 34 ಯಾವ ನೀಲಿ ಎಂದು ತೀರ್ಮಾನಿಸುವುದು ನಿಮ್ಮ ಮೇಜಿನ ಮೇಲಿನ ಟರ್ಮಿನಲ್. ಆದ್ದರಿಂದಲೇ ಒಂದೇ ಸರ್ವರ್‌ನ ಒಂದೇ ಪಟ್ಟಿ ಪುಟ್ಟಿ ಎಂಬ ಟರ್ಮಿನಲ್ ತಂತ್ರಾಂಶದಲ್ಲಿ ಒಂದು ಥರ, ಉಬುಂಟು ಕಿಟಕಿಯಲ್ಲಿ ಇನ್ನೊಂದು ಥರ ಕಾಣುವುದು. ಕೆಲಸ ಎರಡು ಅಂತಸ್ತಿನದು ಎಂದಾಯಿತು. ಯಾವ ಫೈಲಿಗೆ ಯಾವ ಸಂಖ್ಯೆ ಎನ್ನುವುದು ಸರ್ವರ್ ಕಡೆಯ ಮಾತು, ಆ ಸಂಖ್ಯೆಗೆ ಯಾವ ಛಾಯೆ ಎನ್ನುವುದು ನಿಮ್ಮ ಕಡೆಯ ಮಾತು. ಸರ್ವರ್‌ನಲ್ಲಿ ಏನನ್ನೂ ಮುಟ್ಟಲು ಅನುಮತಿ ಇಲ್ಲದವರಿಗೂ ಎರಡನೆಯದು ಕೈಯಲ್ಲೇ ಇದೆ.

ಮೊದಲು ನೀಲಿಯನ್ನು ಸರಿಪಡಿಸಿ

ಮೂಲ ಬಣ್ಣಗಳೇ ಸಾಕು, ತಿಳಿದವರು ಯೋಚಿಸಿಯೇ ಇಟ್ಟಿರುತ್ತಾರೆ ಎಂಬ ವಾದವುಂಟು. ಲೆಕ್ಕ ಹಾಕಿ ನೋಡಿದರೆ ಆ ವಾದ ನಿಲ್ಲುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಬೆಳಕಿನ ಅಂತರ ಎಷ್ಟಿರಬೇಕು ಎಂಬುದಕ್ಕೆ ವೆಬ್ ಲೋಕದಲ್ಲಿ ಒಪ್ಪಿತವಾದ ಅಳತೆಯಿದೆ: ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1. ಕಪ್ಪು ಹಿನ್ನೆಲೆಯ ಮೇಲೆ ಅಪ್ಪಟ ನೀಲಿಯನ್ನು ಎಷ್ಟೇ ಪ್ರಖರವಾಗಿ ಇಟ್ಟರೂ ಅದು ಮುಟ್ಟುವುದು 2.4ನ್ನು ಮಾತ್ರ. ಕಣ್ಣು ಗ್ರಹಿಸುವ ಬೆಳಕಿನಲ್ಲಿ ನೀಲಿಯ ಪಾಲು ನೂರಕ್ಕೆ ಏಳರಷ್ಟೇ ಇರುವುದು ಇದಕ್ಕೆ ಕಾರಣ. ಪುಟ್ಟಿಯ ಮೂಲ ಕಡುನೀಲಿ 0, 0, 187. ಅದರ ಅಂತರ 1.7. ಅದೇ ಪುಟ್ಟಿಯ ದಪ್ಪ ನೀಲಿ 85, 85, 255, ಅದೂ 4.1ಕ್ಕೆ ನಿಲ್ಲುತ್ತದೆ. ಹಳೆಯ ವಿಂಡೋಸ್ ಕನ್ಸೋಲಿನ ಕಡುನೀಲಿಯಂತೂ 1.3. ಮೈಕ್ರೋಸಾಫ್ಟ್ 2017ರಲ್ಲಿ ಕನ್ಸೋಲಿನ ಹದಿನಾರು ಬಣ್ಣಗಳನ್ನೂ ಓದಲು ಅನುವಾಗುವಂತೆ ಮರುಹೊಂದಿಸಿತು. ಮೂಲ ಬಣ್ಣಗಳಲ್ಲಿ ದೋಷವಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹುಡುಕುವ ವಸ್ತು ಡೈರೆಕ್ಟರಿ. ಅದಕ್ಕೇ ಎಲ್ಲಕ್ಕಿಂತ ಮಂಕಾದ ಬಣ್ಣ ಸಿಕ್ಕಿದೆ.

ಸರಿಪಡಿಸಲು ಐದು ನಿಮಿಷ ಸಾಕು. ಪುಟ್ಟಿ ಬಳಸುವವರು ಸೆಷನ್ ತೆರೆಯುವ ಮುನ್ನ ವಿಂಡೋ ವಿಭಾಗದ ಕಲರ್ಸ್ ಪುಟಕ್ಕೆ ಹೋಗಿ, ಆನ್ಸಿ ಬ್ಲೂ ಮತ್ತು ಆನ್ಸಿ ಬ್ಲೂ ಬೋಲ್ಡ್ ಎರಡಕ್ಕೂ 95, 175, 255 ಎಂಬ ತಿಳಿನೀಲಿಯನ್ನು ಕೊಟ್ಟು, ಮರಳಿ ಸೆಷನ್ ಪುಟಕ್ಕೆ ಬಂದು ಉಳಿಸಬೇಕು. ಉಳಿಸದಿದ್ದರೆ ಮುಂದಿನ ಸಲ ಹಳೆಯದೇ ಬರುತ್ತದೆ. ಈ ತಿಳಿನೀಲಿಯ ಅಂತರ ಕಪ್ಪಿನ ಮೇಲೆ 9ರಷ್ಟು, ಬೇಕಾದ್ದರ ಎರಡು ಪಟ್ಟು. ಎರಡಕ್ಕೂ ಒಂದೇ ಬಣ್ಣ ಕೊಡಿ ಎನ್ನುವುದಕ್ಕೆ ಕಾರಣವಿದೆ. ಕೆಲವು ಟರ್ಮಿನಲ್‌ಗಳು 01 ಎಂಬುದನ್ನು ಪ್ರಖರ ಬಣ್ಣ ಎಂದು ಅರ್ಥ ಮಾಡಿಕೊಂಡರೆ, ಕೆಲವು ಅಕ್ಷರವನ್ನು ಮಾತ್ರ ದಪ್ಪ ಮಾಡಿ ಕಡುನೀಲಿಯನ್ನೇ ಉಳಿಸುತ್ತವೆ. ಬಿಳಿ ಹಿನ್ನೆಲೆ ಇಟ್ಟುಕೊಂಡವರ ತೊಂದರೆ ಬೇರೆ. ಅವರಿಗೆ ನೀಲಿ ಚೆನ್ನಾಗಿ ಕಾಣುತ್ತದೆ, ಹಳದಿ ಮಾಯವಾಗುತ್ತದೆ. ಅಪ್ಪಟ ಹಳದಿಗೂ ಬಿಳಿಗೂ ಅಂತರ 1.07 ಮಾತ್ರ. ಹಿನ್ನೆಲೆ ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳದೆ ಇನ್ನೊಬ್ಬರ ಬಣ್ಣದ ಪಟ್ಟಿಯನ್ನು ನಕಲು ಮಾಡಿಕೊಳ್ಳುವುದು ಇದಕ್ಕೇ ಕೈಕೊಡುತ್ತದೆ.

ಯಾವುದಕ್ಕೆ ಬಣ್ಣ, ಯಾವುದಕ್ಕೆ ಬೇಡ

ಓದಲು ಬರುವಂತಾದ ಮೇಲೆ ಎರಡನೆಯ ಪ್ರಶ್ನೆ. ಡಿರ್‌ಕಲರ್ಸ್‌ನ ಮೂಲ ಪಟ್ಟಿಯಲ್ಲಿ ನೂರಕ್ಕೂ ಮಿಕ್ಕಿ ಎಕ್ಸ್‌ಟೆನ್ಶನ್‌ಗಳಿಗೆ ಬಣ್ಣ ಹಂಚಲಾಗಿದೆ. ಅದರಲ್ಲಿ ಕೆಂಪು ಹೋಗಿರುವುದು ಗಂಟು ಕಟ್ಟಿದ ಫೈಲುಗಳಿಗೆ. ಬ್ಯಾಂಕಿನ ಸರ್ವರ್‌ನಲ್ಲಿ ದಿನವೂ ಹಳೆಯ ಲಾಗ್‌ಗಳು ಜಿಜಿಪ್ ಆಗಿ ಬೀಳುವ ಡೈರೆಕ್ಟರಿಯನ್ನು ತೆರೆದರೆ ಪರದೆ ಮೇಲಿಂದ ಕೆಳಗೆ ಕೆಂಪು. ಯಾವ ಅಪಾಯವೂ ಇಲ್ಲದೆಡೆ ಇಷ್ಟು ಕೆಂಪು ಕಂಡ ಕಣ್ಣು, ಮುಂದೆ ನಿಜವಾದ ಅಪಾಯಕ್ಕೆ ಕೆಂಪು ಬಂದಾಗ ಅಲುಗುವುದಿಲ್ಲ. ಕಲ್ಯಾಣ್–ಥಾಣೆ ಹಳಿಗಳ ಸಿಗ್ನಲ್ ಕಂಬಗಳನ್ನು ನೋಡಿ. ಅಷ್ಟು ದಟ್ಟ ಸಂಚಾರದ ದಾರಿಯಲ್ಲಿ ಮೋಟರ್‌ಮನ್‌ಗೆ ಹೇಳಬೇಕಾದದ್ದು ಬಹಳವಿದ್ದರೂ ರೈಲ್ವೆ ಬಳಸುವ ಬಣ್ಣ ಮೂರೇ: ಕೆಂಪು, ಹಳದಿ, ಹಸಿರು. ನಾಲ್ಕನೆಯ ಸೂಚನೆ ಬೇಕಾದಾಗ ನಾಲ್ಕನೆಯ ಬಣ್ಣ ತರಲಿಲ್ಲ, ಹಳದಿಯನ್ನೇ ಎರಡು ಹಚ್ಚಿದರು. ಪ್ರತಿ ದೀಪಕ್ಕೂ ಕಂಬದಲ್ಲಿ ಗೊತ್ತಾದ ಜಾಗವಿದೆ. ಬಣ್ಣದ ಜೊತೆಗೆ ಸ್ಥಾನವೂ ಎಣಿಕೆಯೂ ಮಾತಾಡುತ್ತವೆ. ಮೋಟರ್‌ಮನ್‌ಗಳ ವರ್ಣದೃಷ್ಟಿಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವ ವ್ಯವಸ್ಥೆಯೇ ಬಣ್ಣವೊಂದನ್ನೇ ನೆಚ್ಚಿಕೊಂಡಿಲ್ಲ ಎಂದಮೇಲೆ, ಯಾವ ಪರೀಕ್ಷೆಯೂ ಇಲ್ಲದೆ ಪಾಳಿಗೆ ಕೂರುವವರ ಪರದೆ ಹತ್ತು ಬಣ್ಣ ನೆಚ್ಚಿಕೊಳ್ಳುವುದು ಸರಿಯಲ್ಲ.

ಹಾಗಾದರೆ ಹಂಚಿಕೆ ಹೇಗಿರಬೇಕು? ಕೆಂಪನ್ನು ಮೂರು ಸಂಗತಿಗಳಿಗೆ ಮೀಸಲಿಡಿ. ಒಂದು, ಗುರಿ ಕಳೆದುಕೊಂಡ ಲಿಂಕ್. ಅನೇಕ ಕಡೆ ಹೊಸ ಆವೃತ್ತಿ ಹಾಕುವಾಗ ಕರೆಂಟ್ ಎಂಬ ಹೆಸರಿನ ಲಿಂಕನ್ನು ಹೊಸ ಡೈರೆಕ್ಟರಿಯತ್ತ ತಿರುಗಿಸುತ್ತಾರೆ; ಹಳೆಯದನ್ನು ಅಳಿಸುವ ಭರದಲ್ಲಿ ಗುರಿಯೇ ಅಳಿದುಹೋದರೆ ರಾತ್ರಿಯ ಕೆಲಸಗಳೆಲ್ಲ ನಿಲ್ಲುತ್ತವೆ. ಎರಡು, ಯಾರು ಓಡಿಸಿದರೂ ಮಾಲೀಕನ ಅಧಿಕಾರದಲ್ಲಿ ಓಡುವ ಸೆಟ್‌ಯುಐಡಿ ಫೈಲು. ಮೂರು, ಎಲ್ಲರೂ ಬರೆಯಬಹುದಾದ ಡೈರೆಕ್ಟರಿ. ಡೈರೆಕ್ಟರಿಗೆ ತಿಳಿನೀಲಿ, ಲಿಂಕಿಗೆ ಆಕಾಶಹಸಿರು ಉಳಿಯಲಿ. ಲಿಂಕ್ ಬೇರೆ ಜಾಗಕ್ಕೆ ಒಯ್ಯುತ್ತದೆ ಎಂಬ ಅರಿವು ಅಳಿಸುವ ಮುನ್ನ ಬೇಕೇ ಬೇಕು. ಕೆಲಸದ ಸ್ವರೂಪ ನೋಡಿಕೊಂಡು ಇನ್ನೊಂದು ವರ್ಗಕ್ಕೆ ಹಳದಿ ಕೊಡಿ: ಪೆಮ್, ಕೀ ಎಂದು ಕೊನೆಗೊಳ್ಳುವ ಗುಟ್ಟಿನ ಕೀಲಿಗಳು, ಇಲ್ಲವೇ ಡೇಟಾಬೇಸ್ ಬದಲಿಸುವ ಎಸ್‌ಕ್ಯೂಎಲ್ ಕಡತಗಳು. ಬ್ಯಾಕಪ್, ಹಳೆಯ ಪ್ರತಿ, ಎಡಿಟರ್ ಬಿಟ್ಟುಹೋದ ತಾತ್ಕಾಲಿಕ ಫೈಲುಗಳಿಗೆ ಬೂದು ಬಣ್ಣ. ಕಣ್ಣು ಅವನ್ನು ದಾಟಿಹೋಗಲಿ. ಉಳಿದವಕ್ಕೆಲ್ಲ ಬಣ್ಣ ಬೇಡ. ಹಾಡು, ಚಿತ್ರ, ವಿಡಿಯೊಗಳ ಬಣ್ಣ ಸರ್ವರ್‌ನಲ್ಲಿ ಯಾರಿಗೂ ಏನನ್ನೂ ಹೇಳುವುದಿಲ್ಲ; ಕೊನೆಯ ಮೂರು ಅಕ್ಷರ ಓದಿದರೆ ಅಷ್ಟೇ ವಿಷಯ ತಿಳಿಯುತ್ತದೆ.

ಮಾಡುವ ವಿಧಾನ

ಇಲ್ಲಿ ಕಮಾಂಡ್‌ಗಳನ್ನು ಉಚ್ಚರಿಸುವಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವುದು ಇಂಗ್ಲಿಷಿನಲ್ಲಿ. ಕಮಾಂಡ್‌ಗಳೆಲ್ಲ ಸಣ್ಣಕ್ಷರ, ಎಲ್‌ಎಸ್_ಕಲರ್ಸ್‌ನಂಥ ಸಿದ್ಧತೆಗಳ ಹೆಸರು ಮಾತ್ರ ದೊಡ್ಡಕ್ಷರ. ಕಲರ್ ಎಂಬಲ್ಲಿ ಎಲ್ಲೂ ಯು ಅಕ್ಷರವಿಲ್ಲ. ನಾವು ಶಾಲೆಯಲ್ಲಿ ಕಲಿತ ಬ್ರಿಟಿಷ್ ಕಾಗುಣಿತ ಹಾಕಿದರೆ ಕಮಾಂಡ್ ಓಡುವುದಿಲ್ಲ. ಮೊದಲು ಪ್ರಯೋಗ ಮಾಡಿ ನೋಡುವುದು ಒಳ್ಳೆಯದು. ಎಕ್ಸ್‌ಪೋರ್ಟ್ ಎಂದು ಬರೆದು, ಎಲ್‌ಎಸ್_ಕಲರ್ಸ್‌ನ ಈಗಿನ ಬೆಲೆಯ ಕೊನೆಗೆ ಒಂದು ಕೋಲನ್ (:) ಸೇರಿಸಿ, ಡಿಐ=38;5;75 ಎಂದು ಮುಂದುವರಿಸಿ; ಇಡೀ ಬೆಲೆ ಉದ್ಧರಣ ಚಿಹ್ನೆಯೊಳಗಿರಲಿ. ಡಿಐ ಎಂದರೆ ಡೈರೆಕ್ಟರಿ. 38;5 ಎಂದರೆ 256 ಬಣ್ಣಗಳ ಕೋಷ್ಟಕದಿಂದ ಆರಿಸು ಎಂದು, 75 ಆ ಕೋಷ್ಟಕದಲ್ಲಿ ಮೇಲೆ ಹೇಳಿದ ತಿಳಿನೀಲಿಯ ಸಂಖ್ಯೆ. ಕೋಷ್ಟಕದ ಮೊದಲ 16 ಹಳೆಯ ಬಣ್ಣಗಳು, ನಡುವಿನ 216 ಕೆಂಪು, ಹಸಿರು, ನೀಲಿಗಳ ಆರಾರು ಮೆಟ್ಟಿಲುಗಳ ಗುಣಾಕಾರ, ಕೊನೆಯ 24 ಬೂದು. ಮೊದಲ 16ನ್ನು ನಿಮ್ಮ ಟರ್ಮಿನಲ್ ತನಗೆ ಬೇಕಾದಂತೆ ತೋರಿಸಬಹುದು. ಉಳಿದ 240 ಸಾಮಾನ್ಯವಾಗಿ ಎಲ್ಲ ಕಡೆ ಒಂದೇ ಥರ ಕಾಣುತ್ತವೆ, ಹಾಗಾಗಿ ಹಲವು ಯಂತ್ರಗಳಿಂದ ಕೆಲಸ ಮಾಡುವವರಿಗೆ ಅವೇ ಭರವಸೆ. ಹೀಗೆ ಮಾಡಿದ ಬದಲಾವಣೆ ಆ ಸೆಷನ್ ಮುಗಿಯುವವರೆಗೆ ಮಾತ್ರ, ಹೊರಬಂದರೆ ಅಳಿದುಹೋಗುತ್ತದೆ.

ಒಪ್ಪಿಗೆಯಾದ ಮೇಲೆ ಶಾಶ್ವತ ಮಾಡಿ. ಡಿರ್‌ಕಲರ್ಸ್ ಎಂಬ ಕಮಾಂಡಿಗೆ -ಪಿ ಸೇರಿಸಿದರೆ ಮೂಲ ಪಟ್ಟಿ ವಿವರಣೆ ಸಮೇತ ಅಚ್ಚಾಗುತ್ತದೆ. ಅದನ್ನು > ಚಿಹ್ನೆಯಿಂದ ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಚುಕ್ಕೆಯಿಂದ ಆರಂಭವಾಗುವ ಡಿರ್‌ಕಲರ್ಸ್ ಎಂಬ ಫೈಲಿಗೆ ತಿರುಗಿಸಿ. ಡೆಬಿಯನ್, ಉಬುಂಟುಗಳ ಬ್ಯಾಶ್ ಸಿದ್ಧತೆಯಲ್ಲಿ ಈ ಫೈಲ್ ಇದ್ದರೆ ಓದಿಕೋ ಎಂಬ ಸಾಲು ಮೊದಲೇ ಇರುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ಡಿರ್ ಮತ್ತು ಕಲರ್ಸ್ ನಡುವೆ ಅಡಿಗೆರೆ ಇರುವ ಹೆಸರು ವಾಡಿಕೆ. ಫೈಲನ್ನು ನ್ಯಾನೋ ಎಂಬ ಎಡಿಟರಿನಲ್ಲಿ ತೆರೆದು ಡಿರ್ ಸಾಲಿನಲ್ಲಿ 38;5;75 ಬರೆಯಿರಿ. ಆರ್ಫನ್ ಸಾಲಿನಲ್ಲಿ 01;04;31 ಬರೆಯಿರಿ, ಕೆಂಪಿನ ಜೊತೆಗೆ ಅಡಿಗೆರೆಯೂ ಬರಲಿ. ಗಂಟುಗಳ ಕೆಂಪು, ಚಿತ್ರಗಳ ನೇರಳೆ ಸಾಲುಗಳನ್ನು ಅಳಿಸಿ. ಬೂದಿಗೆ 90 ಇಲ್ಲವೇ 38;5;244. ಹೊಸ ಎಕ್ಸ್‌ಟೆನ್ಶನ್ ಸೇರಿಸುವಾಗ ಚುಕ್ಕೆ ಸಮೇತ ಬರೆದು, ಜಾಗ ಬಿಟ್ಟು ಸಂಖ್ಯೆ ಹಾಕಿ. ಕ್ಯಾಮೆರಾ, ಸ್ಕ್ಯಾನರ್‌ಗಳು ಎಕ್ಸ್‌ಟೆನ್ಶನನ್ನು ದೊಡ್ಡಕ್ಷರದಲ್ಲಿ ಇಡುವುದುಂಟು. ಹಳೆಯ ಎಲ್‌ಎಸ್‌ಗೆ ದೊಡ್ಡದು ಬೇರೆ, ಸಣ್ಣದು ಬೇರೆ, ಎರಡನ್ನೂ ಬರೆಯಬೇಕಾಗುತ್ತದೆ. ಉಳಿಸಿ, ಹೊಸ ಟರ್ಮಿನಲ್ ತೆರೆದರೆ ಹೊಸ ಬಣ್ಣ ಬರುತ್ತದೆ. ಬರದಿದ್ದರೆ ಎಲ್‌ಎಸ್ ನಿಜಕ್ಕೂ --ಕಲರ್=ಆಟೋ ಸಮೇತ ಓಡುತ್ತಿದೆಯೇ ಎಂದು ಏಲಿಯಸ್ ಪಟ್ಟಿಯಲ್ಲಿ ನೋಡಿ.

ವಿಂಡೋಸ್ ಒಳಗೆ ಡಬ್ಲ್ಯುಎಸ್‌ಎಲ್ ಮೂಲಕ ಲಿನಕ್ಸ್ ಓಡಿಸುವವರಿಗೆ ಒಂದು ವಿಶೇಷ ಕಾಟವಿದೆ. ಸಿ ಡ್ರೈವ್‌ನ ಡೈರೆಕ್ಟರಿಗಳೆಲ್ಲ ಕಡುಹಸಿರಿನ ಮೇಲೆ ನೀಲಿ ಅಕ್ಷರದಲ್ಲಿ, ಓದಲಾರದಂತೆ ಬರುತ್ತವೆ. ವಿಂಡೋಸ್ ಫೈಲುಗಳಿಗೆ ಲಿನಕ್ಸ್ ಬಗೆಯ ಅನುಮತಿ ಇಲ್ಲದ್ದರಿಂದ ಎಲ್ಲವೂ 777, ಅಂದರೆ ಯಾರು ಬೇಕಾದರೂ ಬರೆಯಬಹುದು ಎಂದು ಕಾಣಿಸುತ್ತದೆ; ಆ ವರ್ಗಕ್ಕೆ ಮೂಲದಲ್ಲಿ ಕೊಟ್ಟ ಬಣ್ಣ 34;42. ಸರ್ವರ್‌ನಲ್ಲಿ ಎಚ್ಚರಿಕೆಯಾದದ್ದು ಇಲ್ಲಿ ಬರೀ ಗದ್ದಲ. ಹಾಗಾಗಿ ನಿಮ್ಮ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಅದರ್ ರೈಟಬಲ್ ಸಾಲಿಗೆ ಡೈರೆಕ್ಟರಿಯ ಬಣ್ಣವನ್ನೇ ಕೊಡಿ, ಸರ್ವರ್ ಪಟ್ಟಿಯಲ್ಲಿ ಕೆಂಪು ಇರಲಿ. ಎರಡು ಜಾಗಕ್ಕೆ ಎರಡು ಪಟ್ಟಿ ಇರುವುದು ತಪ್ಪಲ್ಲ. ಅಪಾಯ ಬೇರೆಬೇರೆ ಇರುವಾಗ ಬಣ್ಣವೂ ಬೇರೆ ಇರಬೇಕಾದದ್ದೇ. ಮ್ಯಾಕ್ ಬಳಸುವವರ ಎಲ್‌ಎಸ್ ಬಿಎಸ್‌ಡಿ ವಂಶದ್ದು. ಅದರ ಎಲ್‌ಎಸ್‌ಕಲರ್ಸ್ ಎಂಬ ಹೆಸರಿನಲ್ಲಿ ಅಡಿಗೆರೆಯಿಲ್ಲ. ಬೆಲೆ 22 ಅಕ್ಷರಗಳ ಒಂದು ಸಾಲು, ಹನ್ನೊಂದು ವರ್ಗಗಳಿಗೆ ಎರಡೆರಡು ಅಕ್ಷರ. ಎಕ್ಸ್‌ಟೆನ್ಶನ್ ನೋಡಿ ಬಣ್ಣ ಹಾಕುವುದು ಅದಕ್ಕೆ ಬರುವುದಿಲ್ಲ. ಬೇಕೆಂದರೆ ಹೋಮ್‌ಬ್ರೂ ಮೂಲಕ, ಗ್ನೂ ಎಲ್‌ಎಸ್ ಒಳಗೊಂಡ ಗ್ನೂ ಕೋರ್‌ಯುಟಿಲ್ಸ್ ಹಾಕಿಕೊಳ್ಳಬೇಕು. ಪವರ್‌ಶೆಲ್‌ನಲ್ಲಿ 7.3ರಿಂದ ಎಕ್ಸ್‌ಟೆನ್ಶನ್ ನೋಡಿ ಬಣ್ಣ ಹಾಕುವ ಸೌಕರ್ಯ ಒಳಗೇ ಬಂದಿದೆ.

ಕನ್ನಡ ಫೈಲುಗಳ ಕಪಾಟು

ಇದೆಲ್ಲ ಡೇಟಾ ಸೆಂಟರ್‌ನವರಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. ಡೊಂಬಿವಲಿ ಕರ್ನಾಟಕ ಸಂಘ, ವಾಶಿಯ ನವಿಮುಂಬಯಿ ಕನ್ನಡ ಸಂಘ ಮುಂತಾದವು ಇರುವ ಈ ಪ್ರದೇಶದಲ್ಲಿ ಸಂಘಸಂಸ್ಥೆಗಳ ಸ್ಮರಣ ಸಂಚಿಕೆ, ವರದಿ, ಭಾವಚಿತ್ರಗಳನ್ನು ಕಂಪ್ಯೂಟರಿಗೆ ಏರಿಸಿ ಕಾಪಾಡುವ ಕೆಲಸಕ್ಕೂ ಇದು ಒದಗುತ್ತದೆ. ಕನ್ನಡ ಡಿಟಿಪಿಯ ಇತಿಹಾಸ ಅಂಥ ಕಪಾಟಿನಲ್ಲಿ ಪದರಪದರವಾಗಿ ಕೂತಿರುತ್ತದೆ: ಪೇಜ್‌ಮೇಕರ್ ಪುಟಗಳು, ಶೇಷಾದ್ರಿವಾಸು 1998ರಲ್ಲಿ ಹೊರತಂದ ಬರಹದ ಬಿಆರ್‌ಎಚ್ ಫೈಲುಗಳು, ನುಡಿ ಮತ್ತು ಶ್ರೀಲಿಪಿಯಲ್ಲಿ ಟೈಪ್ ಮಾಡಿದ ವರ್ಡ್ ದಾಖಲೆಗಳು, ಯೂನಿಕೋಡ್ ಪಠ್ಯ, ಸ್ಕ್ಯಾನ್ ಮಾಡಿದ ಪಿಡಿಎಫ್. ಇಲ್ಲಿ ತೀರ್ಮಾನ ಬೇಡುವ ಪ್ರಶ್ನೆ ಒಂದೇ: ಇದನ್ನು ಯೂನಿಕೋಡಿಗೆ ಪರಿವರ್ತಿಸಿ ಆಗಿದೆಯೇ, ಇಲ್ಲವೇ? ಬಿಆರ್‌ಎಚ್, ಪೇಜ್‌ಮೇಕರ್ ಫೈಲುಗಳಿಗೆ ಹಳದಿ ಕೊಟ್ಟರೆ ಬಾಕಿ ಕೆಲಸ ಒಂದೇ ನೋಟಕ್ಕೆ ಎದ್ದುಕಾಣುತ್ತದೆ. ವರ್ಡ್ ದಾಖಲೆಯ ವಿಷಯ ಅಷ್ಟು ಸುಲಭವಲ್ಲ. ನುಡಿಯ ಹಳೆಯ ಅಕ್ಷರವಿನ್ಯಾಸದ್ದಾಗಲಿ ಯೂನಿಕೋಡಿನದಾಗಲಿ ಎರಡರ ಎಕ್ಸ್‌ಟೆನ್ಶನ್ ಒಂದೇ. ಎಲ್‌ಎಸ್ ಫೈಲಿನ ಹೊಟ್ಟೆಯೊಳಗೆ ಇಣುಕುವುದಿಲ್ಲ. ಅದಕ್ಕೆ ಗೊತ್ತಿರುವುದು ಹೆಸರು, ಬಗೆ, ಅನುಮತಿ ಇಷ್ಟೇ. ಹಾಗಾಗಿ ಬಣ್ಣಕ್ಕೂ ಮುಂಚೆ ಹೆಸರಿಡುವ ಶಿಸ್ತು ಬೇಕು. ಎಕ್ಸ್‌ಟೆನ್ಶನ್‌ಗೆ ಮೊದಲು -ನುಡಿ ಅಥವಾ -ಕರಡು ಎಂದು ಕನ್ನಡದಲ್ಲೇ ಗುರುತು ಹಾಕಿ; ನಕ್ಷತ್ರ ಚಿಹ್ನೆಯ ಮುಂದೆ ಆ ಗುರುತನ್ನೂ ಎಕ್ಸ್‌ಟೆನ್ಶನನ್ನೂ ಸೇರಿಸಿ ಪಟ್ಟಿಯ ಕೊನೆಯಲ್ಲಿ ಬರೆದರೆ ಎಲ್‌ಎಸ್ ಅದನ್ನು ಗುರುತಿಸುತ್ತದೆ. ಅದು ಹೋಲಿಸುವುದು ಬೈಟ್‌ಗಳನ್ನು, ಭಾಷೆಯನ್ನಲ್ಲ. ಅದೇ ಕಾರಣಕ್ಕೆ ಗುರುತಿನಲ್ಲಿ ದೀರ್ಘ ಓಕಾರ, ಏಕಾರ, ಈಕಾರಗಳನ್ನು ತಪ್ಪಿಸುವುದು ಕ್ಷೇಮ. ಯೂನಿಕೋಡಿನಲ್ಲಿ ಅವನ್ನು ಇಡಿಯಾಗಿಯೂ ಬಿಡಿಭಾಗಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್‌ಗಳು ಬೇರೆ.

ಕನ್ನಡ ಹೆಸರಿನ ಫೈಲುಗಳಿಗೆ ಇನ್ನೂ ಎರಡು ತೊಡಕುಗಳಿವೆ. ಸರ್ವರ್‌ನ ಭಾಷಾ ಸಿದ್ಧತೆ ಯುಟಿಎಫ್-8 ಆಗಿಲ್ಲದಿದ್ದರೆ ಕ ಎಂಬ ಅಕ್ಷರದ ಜಾಗದಲ್ಲಿ \340\262\225 ಎಂಬ ಸಂಖ್ಯೆಗಳು ಬರುತ್ತವೆ. ಫೈಲ್ ಕೆಟ್ಟಿಲ್ಲ, ಲ್ಯಾಂಗ್ ಎಂಬ ಸಿದ್ಧತೆಯನ್ನು ಯುಟಿಎಫ್-8ಕ್ಕೆ ತಿರುಗಿಸಿದರೆ ಸರಿಹೋಗುತ್ತದೆ. ಎಷ್ಟೋ ಟರ್ಮಿನಲ್‌ಗಳು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ, ಅಂಕಣಗಳು ಓರೆಯಾಗುತ್ತವೆ. ಎಲ್‌ಎಸ್‌ಗೆ -1 ಸೇರಿಸಿ ಸಾಲಿಗೊಂದು ಹೆಸರು ಬರುವಂತೆ ಮಾಡಿದರೆ ಅರ್ಧ ಕಿರಿಕಿರಿ ತಪ್ಪುತ್ತದೆ. ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು, ಲಿನಕ್ಸ್‌ನ ರೂಢಿಯ ಫೈಲ್ ವ್ಯವಸ್ಥೆಯಲ್ಲಿ ಹೆಸರಿಗೆ ಸಿಗುವುದು 255 ಬೈಟ್. ಗುಣಿತ, ಒತ್ತುಗಳೂ ಲೆಕ್ಕಕ್ಕೆ ಬರುವುದರಿಂದ 85 ಸಂಕೇತಗಳಲ್ಲಿ ಹೆಸರು ಮುಗಿಯಬೇಕು. ವಿಂಡೋಸ್‌ನಿಂದ ಬಂದ ಎನ್‌ಟಿಎಫ್‌ಎಸ್ ಹಾರ್ಡ್ ಡಿಸ್ಕ್ ಜೋಡಿಸಿದಾಗ ಎಲ್ಲ ಫೈಲುಗಳೂ ಹಸಿರಾಗಿ ಕಂಡು, ನೀವು ಕೊಟ್ಟ ಹಳದಿ ಕಾಣದೆ ಹೋದರೆ ಗಾಬರಿ ಬೇಡ. ಅಲ್ಲಿ ಪ್ರತಿ ಫೈಲಿಗೂ ಚಲಾಯಿಸುವ ಅನುಮತಿ ಇದ್ದಂತೆ ಕಾಣುತ್ತದೆ, ಎಲ್‌ಎಸ್ ಎಕ್ಸ್‌ಟೆನ್ಶನ್‌ಗಿಂತ ಮೊದಲು ಆ ಅನುಮತಿಯನ್ನು ನೋಡುತ್ತದೆ. ಎಕ್ಸೆಕ್ ಸಾಲಿಗೆ 00 ಕೊಟ್ಟರೆ ಹಸಿರು ಹಿಂದೆ ಸರಿದು ನಿಮ್ಮ ಬಣ್ಣಗಳು ಮುಂದೆ ಬರುತ್ತವೆ.

ಆಕ್ಷೇಪಗಳು

ಸರ್ವರ್ ನನ್ನದಲ್ಲ, ಲಾಗಿನ್ ಕೂಡ ಹತ್ತು ಜನರ ಪಾಲಿನದು. ನಾನು ಬಣ್ಣ ಬದಲಿಸಿದರೆ ಮುಂದಿನ ಪಾಳಿಯವರು ಗೊಂದಲಪಡುವುದಿಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. ಹಂಚಿಕೊಂಡ ಖಾತೆಯ ಹೋಮ್ ಡೈರೆಕ್ಟರಿಯಲ್ಲಿ ಒಬ್ಬರೇ ಪಟ್ಟಿ ಬದಲಿಸುವುದು ಸಲ್ಲದು. ಅಲ್ಲಿ ಸೆಷನ್ ಮಟ್ಟದ ಪ್ರಯೋಗ, ಇಲ್ಲವೇ ನಿಮ್ಮ ಟರ್ಮಿನಲ್‌ನ ಛಾಯೆ, ಇಷ್ಟಕ್ಕೇ ನಿಲ್ಲಬೇಕು. ತಂಡಕ್ಕೆಲ್ಲ ಒಂದೇ ಪಟ್ಟಿ ಬೇಕೆಂದರೆ ಕೂತು ಒಪ್ಪಿಕೊಂಡು, ಪಾಳಿ ಒಪ್ಪಿಸುವ ದಾಖಲೆಯಲ್ಲಿ ಬರೆದು, ಎಲ್ಲ ಸರ್ವರ್‌ಗಳಿಗೂ ಒಟ್ಟಿಗೆ ಹಾಕಬೇಕು. ಪಟ್ಟಿ ಚಿಕ್ಕದಿದ್ದಷ್ಟೂ ಈ ಒಪ್ಪಂದ ಸುಲಭ. ಬಣ್ಣ ಕಡಿಮೆ ಮಾಡಿ ಎಂಬ ವಾದಕ್ಕೆ ಇದೂ ಒಂದು ಬಲ.

ಬಣ್ಣದ ಸಂಕೇತಗಳು ಸ್ಕ್ರಿಪ್ಟ್‌ಗಳನ್ನು ಕೆಡಿಸುತ್ತವೆ ಎಂಬುದು ಇನ್ನೊಂದು ದೂರು. ಕೆಡಿಸುವುದು --ಕಲರ್=ಆಲ್ವೇಸ್ ಮಾತ್ರ. ಆಟೋ ಎಂದಿಟ್ಟರೆ ಪಟ್ಟಿ ಪರದೆಗೆ ಹೋಗುವಾಗ ಬಣ್ಣ ಬರುತ್ತದೆ, ಫೈಲಿಗೋ ಪೈಪಿಗೋ ಹೋಗುವಾಗ ಬರುವುದಿಲ್ಲ. ಬಣ್ಣದಿಂದ ಎಲ್‌ಎಸ್ ನಿಧಾನವಾಗುತ್ತದೆ ಎಂಬ ಮಾತು ನಿಜ, ಆದರೆ ಎಲ್ಲೆಡೆ ಅಲ್ಲ. ಚಲಾಯಿಸಬಹುದೇ, ಸೆಟ್‌ಯುಐಡಿಯೇ ಎಂದು ತಿಳಿಯಲು ಅದು ಪ್ರತಿ ಫೈಲಿನ ವಿವರವನ್ನು ಬೇರೆಯಾಗಿ ಕೇಳಬೇಕು. ಲಕ್ಷಾಂತರ ಫೈಲುಗಳಿರುವ ನೆಟ್‌ವರ್ಕ್ ಡಿಸ್ಕ್‌ನಲ್ಲಿ ಈ ಕೇಳಾಟ ಭಾರವಾಗುತ್ತದೆ. ಅಂಥ ಡೈರೆಕ್ಟರಿಯಲ್ಲಿ --ಕಲರ್=ನೆವರ್ ಎಂದು ಒಮ್ಮೆ ಹೇಳಿದರೆ ಸಾಕು. ಕೋರ್‌ಯುಟಿಲ್ಸ್ ನಿರ್ವಾಹಕರೇ ಇದಕ್ಕೊಂದು ಮಾದರಿ ಹಾಕಿದ್ದಾರೆ. ಕೇಪಬಿಲಿಟಿ ಎಂಬ ವಿಶೇಷ ಅಧಿಕಾರವಿರುವ ಫೈಲುಗಳಿಗೆ ಎಲ್‌ಎಸ್ ಹಾಕುತ್ತಿದ್ದ ಬಣ್ಣವನ್ನು 9ನೇ ಸರಣಿಯಲ್ಲಿ ಅವರು ಮೂಲ ಸಿದ್ಧತೆಯಿಂದ ತೆಗೆದರು. ಅಂಥ ಫೈಲುಗಳು ಅಪರೂಪ, ಅವನ್ನು ಹುಡುಕುವ ಖರ್ಚು ಮಾತ್ರ ಪ್ರತಿ ಫೈಲಿಗೂ ಸುಮಾರು ನೂರಕ್ಕೆ ಮೂವತ್ತರಷ್ಟು ಹೆಚ್ಚು ಎಂಬುದು ಅವರು ಕೊಟ್ಟ ಕಾರಣ. ಉಪಯೋಗ ಕಾಣದ ಬಣ್ಣವನ್ನು ತೆಗೆಯಬೇಕು ಎಂದು ಉಪಕರಣ ಮಾಡಿದವರೇ ತೀರ್ಮಾನಿಸಿದ ಉದಾಹರಣೆ ಇದು.

ಎಲ್ಲಕ್ಕಿಂತ ತೂಕದ ಆಕ್ಷೇಪ ಬಣ್ಣ ಗುರುತಿಸಲಾರದವರದ್ದು. ಯುರೋಪಿನ ಮೂಲದ ಗಂಡಸರಲ್ಲಿ ಹನ್ನೆರಡಕ್ಕೆ ಒಬ್ಬರಿಗೆ ಕೆಂಪು–ಹಸಿರು ಬೇರ್ಪಡಿಸುವುದು ಕಷ್ಟ. ಭಾರತದಲ್ಲಿ ಪ್ರಮಾಣ ಕಡಿಮೆ ಇದ್ದರೂ ಯಾವ ದೊಡ್ಡ ತಂಡದಲ್ಲೂ ಅಂಥವರು ಇರಬಹುದು, ಎಷ್ಟೋ ಸಲ ಅವರಿಗೇ ಅದು ಗೊತ್ತಿರುವುದಿಲ್ಲ. ಮೂಲ ಪಟ್ಟಿಯಲ್ಲಿ ಗಂಟಿಗೆ ಕೆಂಪು, ಚಲಾಯಿಸುವ ಫೈಲಿಗೆ ಹಸಿರು, ಅವರಿಗೆ ಎಡವಟ್ಟಾಗುವ ಜೋಡಿಯೇ ಇದು. ಹಾಗೆಂದು ಬಣ್ಣವನ್ನೇ ಬಿಡಬೇಕಾಗಿಲ್ಲ. ಎಚ್ಚರಿಕೆಗೆ ಅಡಿಗೆರೆ ಇಲ್ಲವೇ ತಿರುಗುಮುರುಗು ಸೇರಿಸಿ, ಎಲ್‌ಎಸ್‌ಗೆ ದೊಡ್ಡ ಎಫ್ ಅಕ್ಷರದ ಆಯ್ಕೆಯನ್ನು ಜೊತೆಗೆ ಕೊಡಿ. ಆಗ ಡೈರೆಕ್ಟರಿಯ ಕೊನೆಗೆ /, ಚಲಾಯಿಸುವುದಕ್ಕೆ *, ಲಿಂಕಿಗೆ @ ತಾನಾಗಿ ಬರುತ್ತದೆ. ಕಪ್ಪು-ಬಿಳುಪಿನಲ್ಲಿ ಮುದ್ರಿಸಿದರೂ ಪಟ್ಟಿಯ ಅರ್ಥ ಉಳಿಯಬೇಕು, ಬಣ್ಣ ಆ ಅರ್ಥವನ್ನು ಬೇಗ ಕಾಣಿಸಬೇಕು. ಇದರಾಚೆಗೆ ಬಣ್ಣಕ್ಕೆ ಬೇರೆ ಅಧಿಕಾರ ಕೊಡಬಾರದು. ಕೆಂಪು ಇಲ್ಲ ಎಂದಮಾತ್ರಕ್ಕೆ ಫೈಲ್ ಸುರಕ್ಷಿತ ಎಂದೂ ನಂಬಬಾರದು. ಹೆಸರು ಬದಲಿಸಿದ ಫೈಲು ಹೆಸರಿನ ಬಣ್ಣವನ್ನೇ ತೊಟ್ಟುಕೊಳ್ಳುತ್ತದೆ.

ಹೊಸ ಪಟ್ಟಿಯನ್ನು ಕೆಲವು ಪಾಳಿ ಬಳಸಿದ ಮೇಲೆ ಫೈಲ್ ತೆರೆದು ಒಂದೊಂದೇ ಸಾಲಿಗೆ ಒಂದು ಪ್ರಶ್ನೆ ಕೇಳಿ: ಈ ಬಣ್ಣ ಕಂಡಾಗ ನಾನು ಬೇರೆ ಏನಾದರೂ ಮಾಡುತ್ತೇನೆಯೇ? ಅಳಿಸುವ ಮುನ್ನ ಗುರಿ ನೋಡುತ್ತೇನೆ, ಅನುಮತಿ ಪರೀಕ್ಷಿಸುತ್ತೇನೆ, ಪರಿವರ್ತಿಸಲು ಎತ್ತಿಡುತ್ತೇನೆ, ನೋಡದೆ ದಾಟುತ್ತೇನೆ ಎಂದು ಉತ್ತರ ಬಂದರೆ ಸಾಲು ಇರಲಿ. ಚೆನ್ನಾಗಿ ಕಾಣುತ್ತದೆ ಎಂಬುದಷ್ಟೇ ಉತ್ತರವಾದರೆ ಆ ಸಾಲನ್ನು ಅಳಿಸಿಬಿಡಿ.